ಅಡುಗೆಮನೆ ಒಂದನ್ನು ಬಿಟ್ಟು

ಜಗಳೂರು ಸೀಮೆಯ ಆ ಹಳೆಯ ವಾಡೆಯ ಕೀಲಿ ಈಗ ಸಮಿತಿಯ ಕಚೇರಿಯಲ್ಲಿ ಗೋಡೆಯ ಮೊಳೆಗೆ ತೂಗುಬಿದ್ದಿದೆಯಂತೆ. ಯಾವುದೋ ಚಿತ್ರ ಬೇಕೆಂದು ಅಲ್ಲಿಂದ ಫೋನು ಮಾಡಿದವರು ಮಾತಿನ ನಡುವೆ ಹಾಗೆಂದಾಗಲೇ, ಅದನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಮುದುಕಿ ಇನ್ನಿಲ್ಲವೆಂದು ನನಗೆ ತಿಳಿದದ್ದು. ತೀರಿಕೊಂಡು ಹದಿನೈದು ದಿನಗಳಾಗಿದ್ದವು. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆಯದಿದ್ದುದರಲ್ಲಿ ತಪ್ಪೇನಿಲ್ಲ. ನಾನು ಹೊನ್ನಾಳಿಯವನು. ಅವರ ಬಂಧುವಲ್ಲ, ಊರಿನವನೂ ಅಲ್ಲ. ಮೂರು ವರ್ಷಗಳಲ್ಲಿ ಒಂಬತ್ತೋ ಹತ್ತೋ ಬಾರಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗಿ, ಪ್ರಶ್ನೆ ಕೇಳಿ ಪೀಡಿಸಿ ಬಂದವನು ಅಷ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಚನ್ನಗಿರಿ ಕಡೆಗೆ ಮದುವೆ ಮಾಡಿಕೊಟ್ಟ ಇಬ್ಬರು ಮೊಮ್ಮಕ್ಕಳಿದ್ದಾರೆ. ಆ ಮೊಮ್ಮಕ್ಕಳ ಸಂಸಾರದಲ್ಲಿ ಮಾತು ಬರಬಾರದೆಂದು ಮುದುಕಿಯೇ ಕೇಳಿಕೊಂಡಿದ್ದರು. ಅದೇಕೆಂಬುದು ಮುಂದೆ ತಿಳಿಯುತ್ತದೆ. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ‘ಹೊನ್ನಾಳಿಯೋರೇ’ ಎಂದು ಕರೆಯುತ್ತಿದ್ದರು.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಓದು ಕಲಿತೆ. ಒಂದೇ ದೇವಸ್ಥಾನದ ಸ್ಥಳಪುರಾಣವನ್ನು ಮೂರು ಸ್ಮರಣ ಸಂಚಿಕೆಗಳಿಗೆ ಮೂರು ಬಗೆಯಾಗಿ ಜೋಡಿಸಿಕೊಟ್ಟವನಿಗೆ ಅಚ್ಚಾದ ಮಾತಿನಲ್ಲಿ ನಂಬಿಕೆ ಉಳಿಯುವುದು ಕಷ್ಟ. ಹಾಗಾಗಿ ಪತ್ರಿಕೆಯೊಂದರಲ್ಲಿ ‘ಮರುಭೂಮಿಯ ಅರಮನೆ’ ಎಂಬ ಶೀರ್ಷಿಕೆ ಕಂಡ ವಾರವೇ, ಚನ್ನಗಿರಿಯಲ್ಲಿ ಸ್ಟುಡಿಯೋ ಮುಚ್ಚಿದವರೊಬ್ಬರಿಂದ ಕೊಂಡಿದ್ದ ಕ್ಯಾಮೆರಾ ಹಿಡಿದು ಬಸ್ಸು ಹತ್ತಿದೆ.

ಅದು ಮರುಭೂಮಿಯಲ್ಲ. ಬಳ್ಳಾರಿ ಜಾಲಿಯ ಪೊದೆಗಳು, ನೀರಿಗಿಂತ ಮರಳೇ ಹೆಚ್ಚಾಗಿ ಹರಿದಂತೆ ಕಾಣುವ ಹಳ್ಳ, ಕಲ್ಲುಗುಡ್ಡ, ಬೇಸಿಗೆಯ ಗಾಳಿಗೆ ಎದ್ದು ಕಣ್ಣಿಗೆ ತುಂಬುವ ಕೆಂಧೂಳು; ಇಷ್ಟರ ನಡುವೆಯೂ ಶೇಂಗಾ ಬೆಳೆಯುವ ಜನರಿದ್ದಾರೆ. ಅರಮನೆಯೂ ಅಲ್ಲ. ಹತ್ತಾರು ಹಳ್ಳಿಗಳ ಜಮೀನು ಆಳಿದ ಒಂದು ಮನೆತನ ಕಟ್ಟಿಸಿದ ಎರಡಂತಸ್ತಿನ ವಾಡೆ. ಮೂರು ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ತೊಟ್ಟಿಯ ಸುತ್ತ ಇಪ್ಪತ್ತೆಂಟು ಕಂಬ (ಪತ್ರಿಕೆ ನಲವತ್ತು ಎಂದಿತ್ತು), ಮಹಡಿಯ ಕೋಣೆಯಲ್ಲಿ ಹಸಿರು ಗಿಳಿಗಳು, ಕಾವಿಯ ಆನೆಗಳು, ಮುಖ ಅಳಿಸಿಹೋದ ಒಬ್ಬ ನೀಲಿ ಅಂಗಿಯ ಸವಾರ. ಮನೆತನದವರು ಎಂದೋ ದಾವಣಗೆರೆ ಸೇರಿ, ವಾಡೆಯನ್ನು ಊರಿನ ಸಮಿತಿಯೊಂದಕ್ಕೆ ಬಿಟ್ಟುಕೊಟ್ಟಿದ್ದರು. ತಲೆಬಾಗಿಲ ಪಕ್ಕದ ಕಾವಲು ಕೋಣೆಯಲ್ಲಿ ಅಮ್ಮ ಒಬ್ಬರೇ ವಾಸವಾಗಿದ್ದರು. ಬಂದವರಿಗೆ ಬಾಗಿಲು ತೆಗೆದು ತೋರಿಸುವುದು ಅವರ ಕೆಲಸ.

ಮೊದಲ ದಿನ ನಾನು ಕಂಬಗಳನ್ನು ಅಳೆಯುತ್ತಿದ್ದಾಗ ಮೂರು ತಂಡಗಳು ಬಂದು ಹೋದವು. ಬೆಳಿಗ್ಗೆ ಬಂದ ಶಾಲೆಯವರಿಗೆ ಅಮ್ಮ ಹಿತ್ತಲಿನ ಒಂದು ಚಪ್ಪಡಿಯನ್ನು ತೋರಿಸಿ, ಇದರ ಕೆಳಗಿನಿಂದ ದುರ್ಗದ ಕೋಟೆಗೆ ಸುರಂಗವಿದೆ, ಕುದುರೆ ಸವಾರ ತಲೆ ಬಗ್ಗಿಸದೆ ಹೋಗಬಹುದು ಎಂದರು. ಕಾರಿನಲ್ಲಿ ಬಂದವರ ಪಾಲಿಗೆ ಅದೇ ಚಪ್ಪಡಿಯ ಕೆಳಗೆ ಏಳು ಕೊಪ್ಪರಿಗೆ ಹೊನ್ನು ಹೂತಿತ್ತು. ಮಧ್ಯಾಹ್ನ ಹೊಸ ಮದುವೆಯ ಜೋಡಿಯೊಂದು ಬಂದಾಗ ಅಲ್ಲೊಂದು ಬಾವಿ ಹುಟ್ಟಿಕೊಂಡಿತು. ಕಿರಿಯ ಯಜಮಾನನಿಗೆ ಮನಸ್ಸು ಕೊಟ್ಟ ಹುಡುಗಿ ಹಾರಿದ ಬಾವಿ. ಜೋಡಿ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ:

“ಅಲ್ಲಮ್ಮಾ, ಚಪ್ಪಡಿ ಒಂದೇ. ಬೆಳಿಗ್ಗೆ ಸುರಂಗ ಅಂದ್ರಿ, ಆಮೇಲೆ ಹೊನ್ನು, ಈಗ ಬಾವಿ. ಯಾವುದು ನಿಜ?”

“ಅವ್ರಿಗೆ ಸುರಂಗ ಬೇಕಿತ್ತು, ಕೊಟ್ಟೆ. ಇವ್ರಿಗೆ ಬಾವಿ ಬೇಕಿತ್ತು. ನಿಮಗೇನು ಬೇಕು ಹೇಳ್ರಿ.”

“ನನಗೆ ನಡೆದದ್ದು ಬೇಕು.”

“ಅದು ನಮ್ತಾವ ಇಲ್ರಿ. ಮುಗಿದೋಗೈತೆ,” ಎಂದು, ಅಂಗಡಿಯವರು ಖಾಲಿ ಡಬ್ಬಿಯನ್ನು ತೋರಿಸುವಂತೆ ಎರಡೂ ಅಂಗೈಗಳನ್ನು ತೆರೆದು ತೋರಿಸಿದರು.

“ಹಾಗಾದರೆ ಚಪ್ಪಡಿ ಯಾತಕ್ಕಿತ್ತು?”

“ಬಟ್ಟೆ ಒಗ್ಯಾಕೆ. ಹಂಗಂದ್ರೆ ಯಾರಾದ್ರೂ ಫೋಟೋ ಹೊಡೀತಾರಾ?”

ಅಂದಿನಿಂದ ಆ ಹೆಂಗಸಿನ ಬಗ್ಗೆ ನನಗೆ ವಾಡೆಗಿಂತ ಹೆಚ್ಚಿನ ಕುತೂಹಲ ಮೂಡಿತು. ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೇಳಿದೊಡನೆ ಒಪ್ಪಿಕೊಂಡು, ಮರುಗಳಿಗೆಯೇ ಅದೇ ಸುಳ್ಳನ್ನು ಹೊಸಬರಿಗೆ ಹೊಸ ಹುರುಪಿನಿಂದ ಹೇಳುವವರನ್ನು ಕಂಡಿದ್ದು ಅದೇ ಮೊದಲು.

ಬಾಗಿಲು ತೆಗೆಯುವ ಮುನ್ನ ಕೀಲಿಯಿಂದ ಹಲಗೆಯ ಮೇಲೆ ಮೂರು ಸಲ ಬಡಿದು, “ಜನ ಬಂದಾರೆ, ಸರ್ಕಳ್ರಪ್ಪಾ,” ಎಂದು ಒಳಗಿನ ಪಾರಿವಾಳಗಳಿಗೆ ಹೇಳುತ್ತಿದ್ದರು. ಪಾರಿವಾಳಗಳು ಒಂದು ದಿನವೂ ಸರಿದದ್ದನ್ನು ನಾನು ನೋಡಲಿಲ್ಲ. ಮಹಡಿಯ ಮೆಟ್ಟಿಲ ಬಳಿ ನಿಂತು, ಏರುವವರ ಮೈಗಾತ್ರವನ್ನು ಒಮ್ಮೆ ಅಳೆದು, “ನೀವು ಬ್ಯಾಡ್ರಿ, ಕೆಳಗಿಂದಾನೇ ನೋಡ್ರಿ. ಆನೆ ಮ್ಯಾಲೆ ಅದಾವೆ, ಸಾಕು,” ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದರು. ನನ್ನ ಚಿತ್ರಗಳನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ಮೂಗು ಮುರಿಯುತ್ತಿದ್ದರು.

“ಬರೀ ಗ್ವಾಡೆ ತೆಗೀತೀರಲ್ರೀ. ಮನುಷ್ಯರನ್ನ ತೆಗಿಯಾಕೆ ಬರಲ್ವಾ?”

“ಗೋಡೆ ಸುಳ್ಳು ಹೇಳಲ್ಲಮ್ಮ.”

“ನಿಜ ಹೇಳ್ತೈತಾ? ಕೇಳಿದೀರಾ ಯಾವತ್ತಾದ್ರೂ?”

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟಿತ್ತು. ಯಾರಿಗೂ ತಮ್ಮ ಕೈಯಿಂದ ನೀರು ಕೊಡುತ್ತಿರಲಿಲ್ಲ. “ಕೊಡ ಅಲ್ಲೈತೆ, ಲೋಟ ಅಲ್ಲೈತೆ. ನೀವೇ ತಗಂಡು ಕುಡೀರಿ,” ಎಂದು ದೂರ ಸರಿದು ನಿಲ್ಲುತ್ತಿದ್ದರು. ಇದು ಜಾತಿಯ ಹಿಂಜರಿಕೆಯೆಂದು ಭಾವಿಸಿ, ಎರಡನೆಯ ಭೇಟಿಯಲ್ಲೋ ಮೂರನೆಯ ಭೇಟಿಯಲ್ಲೋ ನಾನು ದೀರ್ಘವಾಗಿ ಬುದ್ಧಿ ಹೇಳಿದೆ. ಕಾಲ ಬದಲಾಗಿದೆ, ಮನುಷ್ಯರೆಲ್ಲ ಒಂದೇ, ಹೀಗೆ ಅಂಜಬಾರದು ಎಂದೆಲ್ಲ. ಅವರು ಕೊನೆಯ ಮಾತಿನವರೆಗೂ ತಲೆಯಾಡಿಸುತ್ತ ಕೇಳಿ, “ಭಾಷಣ ಮುಗೀತಾ? ಬಿಸಿಲಾಗೆ ಬಂದೀರಿ, ನೀರು ಕುಡೀರಿ,” ಎಂದು ಮತ್ತೆ ಕೊಡದ ಕಡೆಗೇ ಕೈ ತೋರಿಸಿದರು.

ವಾಡೆಯ ಕಥೆಗಳಲ್ಲಿ ಅವರು ಹೇಳದೆ ಉಳಿಸಿದ್ದು ಒಂದೇ. ಅದನ್ನು ಉಳಿದವರೆಲ್ಲ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಬಂದದ್ದೂ ಅದೇ: ಒಂದು ಹಬ್ಬದ ದಿನ ಯಜಮಾನರೂ ಅವರ ಇಬ್ಬರು ತಮ್ಮಂದಿರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತರು, ಅಡುಗೆಯವಳು ಹೋಳಿಗೆಯ ಹೂರಣದಲ್ಲಿ ವಿಷ ಬೆರೆಸಿದ್ದಳು, ಬೆಳಗಾಗುವುದರೊಳಗೆ ಮೂವರೂ ಸತ್ತರು, ಅಂದು ಆರಿದ ಒಲೆಯನ್ನು ಆ ಮನೆಯಲ್ಲಿ ಮತ್ತೆ ಹೊತ್ತಿಸಲಿಲ್ಲ. ಏಕೆ ಬೆರೆಸಿದಳೆಂಬುದಕ್ಕೆ ಊರಿಗೊಂದು ಕಾರಣವಿತ್ತು. ಅಡುಗೆಮನೆಯನ್ನು ತೋರಿಸಿ ಎಂದು ಪೀಡಿಸದೆ ಹೋದ ತಂಡವಿಲ್ಲ. ಅಮ್ಮ ತೋರಿಸುತ್ತಿರಲಿಲ್ಲ. “ಮಾಳಿಗೆ ಬೀಳಂಗೈತೆ, ತಲೆ ಮ್ಯಾಲೆ ಬಿದ್ರೆ ನಾನು ಜವಾಬ್ದಾರಳಲ್ಲ,” ಎಂದು ಹೇಳಿ ಜನರನ್ನು ಹಿತ್ತಲಿನ ಚಪ್ಪಡಿಯ ಕಡೆಗೆ ನಡೆಸಿಬಿಡುತ್ತಿದ್ದರು. ವಾಡೆಯ ಎಲ್ಲ ಬಾಗಿಲುಗಳೂ ನನ್ನ ಕ್ಯಾಮೆರಾಕ್ಕೆ ತೆರೆದವು. ಆ ಒಂದನ್ನು ಬಿಟ್ಟು. ಸುರಂಗ, ಹೊನ್ನು, ಬಾವಿ ಎಲ್ಲವೂ ಅತ್ತ ಹೋಗುವವರನ್ನು ಇತ್ತ ತಿರುಗಿಸುವ ಉಪಾಯಗಳೆಂದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಕಳೆದ ವರ್ಷ ಒಂದು ಬೆಳಿಗ್ಗೆ ಯಾರದೋ ಮೊಬೈಲಿನಿಂದ ಅವರ ದನಿ ಬಂತು.

“ಹೊನ್ನಾಳಿಯೋರೇ, ಕ್ಯಾಮೆರಾ ತಗಂಡು ಇವತ್ತೇ ಬರ್ರಿ. ಸಮಿತಿಯೋರು ಅಡಿಗೆಮನೆಗೆ ಸಿಮೆಂಟ್ ಮೆತ್ತುತಾರಂತೆ. ನಾಳೆ ಗಾರೆಯೋರು ಬರ್ತಾರೆ.”

ಎರಡು ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಅಮ್ಮ ನನ್ನನ್ನು ಒಳಗೆ ಕರೆದೊಯ್ದು ಅಡುಗೆಮನೆಯ ಬೀಗ ತೆಗೆದರು. ಮಾಳಿಗೆ ಗಟ್ಟಿಯಾಗಿಯೇ ಇತ್ತು. ಒಲೆಗಳ ಮೇಲಿನ ಗೋಡೆಯಲ್ಲಿ ಒಂದು ಕಡೆ, ಮೊರದಗಲದಷ್ಟು ಸುಣ್ಣ ಹಪ್ಪಳದಂತೆ ಎದ್ದು ಉದುರಿಹೋಗಿತ್ತು. ಉದುರಿದ ಅಂಚಿನಲ್ಲಿ ಬಿಳಿ, ಬೂದು, ಬಿಳಿ, ಬೂದು ಎಂದು ಪದರು ಪದರಾಗಿ ಗೆರೆಗಳು ಕಾಣುತ್ತಿದ್ದವು.

“ಹತ್ತು ವರ್ಷದ ಹಿಂದೆ ಮಾಳಿಗೆ ಸೋರಿ ಉದುರ್ತು. ಅವತ್ತಿಂದ ಇಲ್ಲಿ ಸುಣ್ಣ ಬಳ್ದಿಲ್ಲ ನಾನು. ನೋಡ್ರಿ, ನೀವು ಬಲೇ ಗ್ವಾಡೆ ಓದೋರಲ್ವಾ. ಓದ್ರಿ.”

“ವರ್ಷಕ್ಕೊಂದು ಸಲ ಸುಣ್ಣ. ನಡುವೆ ಒಲೆಯ ಹೊಗೆ.”

“ಹೂಂ. ಮಾರ್ನಮಿಗೆ ಮುಂಚೆ ಬಳೀತಿದ್ರು. ಮತ್ತೆ?”

ಮತ್ತೆ ನನಗೇನೂ ಕಾಣಲಿಲ್ಲ. ಅವರು ಪೊರಕೆಯ ಕಡ್ಡಿಯೊಂದನ್ನು ಮುರಿದು ಅದರ ತುದಿಯಿಂದ ತೋರಿಸಿದರು. ತೆಳುವಾದ ಬೂದು ಗೆರೆಗಳ ನಡುವೆ ಒಂದು ಕಡೆ ದಪ್ಪನೆಯ ಕಪ್ಪು ಗೆರೆ. ಅದರ ಮೇಲೆ ಐದು ತೆಳು ಗೆರೆ, ಬಳಿಕ ಮತ್ತೊಂದು ಕಪ್ಪು ಗೆರೆ. ಅದರ ಮೇಲೆ ಏಳು, ಬಳಿಕ ಮೂರನೆಯದು. ಅದರ ಮೇಲೂ ಹನ್ನೊಂದು ತೆಳು ಗೆರೆಗಳಿದ್ದವು.

“ಯಜಮಾನರ ಪೈಕಿ ಯಾರಾದ್ರೂ ಸತ್ರೆ ಈ ಮನೇಲಿ ವರ್ಷ ತುಂಬೋಮಟ ಹಬ್ಬ ಇಲ್ಲ. ಹಬ್ಬ ಇಲ್ಲ ಅಂದ್ಮೇಲೆ ಸುಣ್ಣ ಇಲ್ಲ. ಎರಡು ವರ್ಷದ ಮಸಿ ಒಂದರ ಮ್ಯಾಲೊಂದು ಕುಂದ್ರತೈತೆ. ಒಂದೇ ರಾತ್ರೀಲಿ ಮೂರು ಜನ ಸತ್ತಿದ್ರೆ ಕರೀಗೆರೆ ಒಂದೇ ಇರಬೇಕಿತ್ತಲ್ರೀ. ಒಲೆ ಆರಿಹೋಗಿದ್ರೆ ಅದರ ಮ್ಯಾಲೆ ಮಸಿ ಎಲ್ಲಿಂದ ಬರ್ಬೇಕು?”

ನಾನು ಗೆರೆಗಳನ್ನು ಮತ್ತೊಮ್ಮೆ ಎಣಿಸಿದೆ. ಅವರು ಕಡ್ಡಿಯನ್ನು ಹಿಡಿದೇ ಹೇಳಿದರು: “ಆ ಅಡಿಗೆಯೋಳು ನಮ್ಮವ್ವನ ಅವ್ವ.”

ಆ ಮೂವರೂ ಬೇರೆ ಬೇರೆ ವರ್ಷಗಳಲ್ಲಿ ಸತ್ತವರೆಂದು ಅಮ್ಮನ ತಾಯಿ ಹೇಳುತ್ತಿದ್ದರಂತೆ: ದೊಡ್ಡವರು ಜ್ವರದಲ್ಲಿ, ನಡುವಿನವರು ಗಾಡಿ ಮಗುಚಿ, ಕಿರಿಯವರು ಹಾಸಿಗೆ ಹಿಡಿದು. ವಿಷದ ಮಾತು ಯಾವಾಗ ಯಾರಿಂದ ಎದ್ದಿತೋ ತಿಳಿಯದು. ಎದ್ದ ಮೇಲೆ ಅಡುಗೆಯವಳ ಕುಟುಂಬ ಊರು ಬಿಟ್ಟು ನ್ಯಾಮತಿ ಕಡೆ ಕೂಲಿಗೆ ಹೋಯಿತು. ಮಾತೂ ಅವರ ಹಿಂದೆಯೇ ಹೋಯಿತು. ಅವರ ಕೈಯ ಅನ್ನವನ್ನಾಗಲಿ ನೀರನ್ನಾಗಲಿ ಯಾರೂ ಮುಟ್ಟಲಿಲ್ಲ. ಹೀಗಾಗಿ ಇನ್ನೊಬ್ಬರಿಗೆ ನೀರು ಕೊಡುವ ಅಭ್ಯಾಸವೇ ಅಮ್ಮನ ಕೈಗೆ ಬಂದಿರಲಿಲ್ಲ. ನಾನು ಬುದ್ಧಿ ಹೇಳಿದ್ದು ಇಂಥವರಿಗೆ.

“ಹಾಗಿದ್ದೂ ಈ ಮನೆಗೇ ಯಾಕೆ ಬಂದ್ರಮ್ಮಾ?”

“ಈ ಮನೇಲಿ ಕಡೇಗೆ ಉಳಿದ ಮುದುಕಮ್ಮಗೆ ನೋಡ್ಕಳ್ಳೋರು ಬೇಕಿತ್ತು. ನಾನು ಯಾರ ಮೊಮ್ಮಗಳು ಅಂತ ಅವರಿಗೊಬ್ಬರಿಗೆ ಹೇಳಿದ್ದೆ. ‘ಬಾ’ ಅಂದ್ರು. ಜನರ ಬಾಯಿ ಕಾಯಾಕೆ ಆಗಲ್ಲ, ಬಾಗಿಲು ಕಾಯಾಕೆ ಆಗ್ತೈತಲ್ಲ ಅಂತ ಬಂದೆ.”

ಬೆಳಕು ಸಾಲುತ್ತಿರಲಿಲ್ಲ. ಅಮ್ಮ ತಮ್ಮ ಊಟದ ಸ್ಟೀಲ್ ತಟ್ಟೆಯನ್ನು ತಂದು, ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿಗೆ ಹಿಡಿದು, ಅದರ ಹೊಳಪನ್ನು ಗೋಡೆಯ ಅಂಚಿಗೆ ತಿರುಗಿಸಿದರು. ಅಳತೆ ತಿಳಿಯಲೆಂದು ನಾನು ಗೆರೆಗಳ ಪಕ್ಕದಲ್ಲಿ ಬೆಂಕಿಕಡ್ಡಿಯೊಂದನ್ನು ಅಂಟಿಸಿದೆ. ತಟ್ಟೆಯೊಡನೆ ಗೋಡೆಯ ಮೇಲಿನ ಬೆಳಕೂ ಅಲುಗುತ್ತಿತ್ತು. “ಉಸಿರು ಬಿಗಿಹಿಡೀರಿ,” ಎಂದೆ. “ನೀವು ಬೇಗ ಒತ್ರಿ, ಇಲ್ದಿದ್ರೆ ಇಲ್ಲೇ ಉಸಿರು ಹೋಗ್ತೈತೆ,” ಎಂದರು. ನಲವತ್ತು ಚಿತ್ರಗಳಲ್ಲಿ ಆರು ಸ್ಪಷ್ಟವಾಗಿ ಬಂದವು. ಮರುದಿನ ಅಲ್ಲಿ ಸಿಮೆಂಟ್ ಬಿತ್ತು.

ನಾನು ಹಟಮಾರಿ. ಅಮ್ಮನ ಮಾತೆಂದು ನಂಬಿಬಿಡಲಿಲ್ಲ. ನ್ಯಾಮತಿ, ಸವಳಂಗ, ಬಸವಾಪಟ್ಟಣಗಳಲ್ಲಿ ಹಳೆಯ ಮನೆಗಳ ಮುದುಕಿಯರನ್ನು ಹುಡುಕಿ ಕೇಳಿದೆ. ಸಾವಿನ ವರ್ಷ ಸುಣ್ಣ ಬಳಿಯುವುದಿಲ್ಲ ಎಂದರು ಕೆಲವರು. ಸತ್ತ ಹನ್ನೊಂದನೆಯ ದಿನವೇ ಬಳಿದು ಶುದ್ಧಮಾಡುತ್ತೇವೆ ಎಂದರು ಬೇರೆ ಕೆಲವರು. ಇದನ್ನು ಮರೆಮಾಚದೆ ಅಮ್ಮನಿಗೆ ಹೇಳಿದೆ. ಸುಣ್ಣ ಬಳಿಯದ ವರ್ಷ ಮೂರಿದ್ದವೆಂದು ಗೋಡೆ ಹೇಳುತ್ತದೆ. ಯಾರು ಸತ್ತರೆಂದು ಹೇಳುವುದಿಲ್ಲ. ಒಲೆ ಆರಲಿಲ್ಲವೆನ್ನುತ್ತದೆ, ವಿಷ ಬೆರೆಸಲಿಲ್ಲವೆನ್ನುವುದಿಲ್ಲ.

ಅವರು ಬೇಸರಿಸಲಿಲ್ಲ. “ಹಂಗೇ ಬರೀರಿ. ನೀವು ಕಂಡಷ್ಟೇ ಬರೀರಿ. ಜನ ಕಾಣದ್ದು ಬರೆದೇ ಅಲ್ವಾ ಅವಳ ಗತಿ ಹಿಂಗಾಗಿದ್ದು.”

ಆ ಹೊತ್ತಿಗೆ ಸಮಿತಿ ವಾಡೆಯ ಮುಂದೆ ಕಲ್ಲಿನ ಫಲಕ ನಿಲ್ಲಿಸಲು ಹೊರಟಿತ್ತು. ಹನ್ನೆರಡು ಸಾಲುಗಳ ಬರಹ ಸಿದ್ಧವಾಗಿತ್ತು. ಅದರಲ್ಲಿ ಐದು ಸಾಲು ವಿಷದ ಹೋಳಿಗೆಗೆ ಮೀಸಲು. ಕಲ್ಲಿನಲ್ಲಿ ಒಮ್ಮೆ ಕೊರೆದರೆ ಅದು ಸುಳ್ಳೆಂದು ಹೇಳುವವರು ಮುಂದೆ ಹುಟ್ಟಲಾರರು. ಅಮ್ಮನಿಗಿದ್ದ ಹೆದರಿಕೆ ಅದೇ. ನಾನು ಚಿತ್ರಗಳನ್ನು ಅಚ್ಚು ಹಾಕಿಸಿಕೊಂಡು ಜಗಳೂರಿನ ಸಭೆಗೆ ಹೋದೆ. ಅಮ್ಮ ಯಾರ ಮೊಮ್ಮಗಳೆಂಬುದನ್ನು ಮಾತ್ರ ಹೇಳಲಿಲ್ಲ.

ಅಧ್ಯಕ್ಷರು ಮೆಕ್ಕೆಜೋಳದ ವ್ಯಾಪಾರಿಗಳು, ಒಳ್ಳೆಯ ಮನುಷ್ಯರು. ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟರು.

“ವಿಷ ತೆಗುದ್ರೆ ಏನು ಉಳೀತೈತೆ ಸ್ವಾಮಿ? ಕಂಬ ಎಣಿಸಾಕೆ ಜನ ಬರ್ತಾರಾ?”

“ಎಂಬ ಪ್ರತೀತಿ ಇದೆ ಅಂತ ಸೇರಿಸಿದ್ರಾಯ್ತಲ್ರೀ,” ಎಂದರು ನಿವೃತ್ತ ಗುಮಾಸ್ತರೊಬ್ಬರು.

“ಪ್ರತೀತಿ ಅನ್ನೋದು ಸುಳ್ಳಿಗೆ ಹೊದಿಸೋ ಶಾಲು,” ಎಂದೆ ನಾನು.

“ಸರಿ, ಹಂಗಾದ್ರೆ ಅವಳು ವಿಷ ಹಾಕಲಿಲ್ಲ ಅಂತ ಕೊರೆಸಾನಾ?”

“ಅದಕ್ಕೂ ಆಧಾರ ಇಲ್ಲ. ಅದನ್ನೂ ಕೊರೆಸಬೇಡಿ.”

“ನೀವು ಯಾವ ಕಡೆಯೋರು ಸ್ವಾಮಿ?” ಎಂದು ಅಧ್ಯಕ್ಷರು ನಕ್ಕರು. ಸಭೆಯೂ ನಕ್ಕಿತು. ಆದರೆ ಕರಡನ್ನು ನನ್ನ ಮುಂದೆ ತಳ್ಳಿ, “ನೀವೇ ತಿದ್ದಿಬಿಡ್ರಿ,” ಎಂದರು.

ತಿದ್ದಿದೆ. ಸಂದೇಹವಿದ್ದ ಪ್ರತಿಯೊಂದು ಸಾಲಿನ ಮೇಲೂ ಗೆರೆ ಎಳೆದೆ. ರಾಜರು ತಂಗಿದ್ದು ಹೋಯಿತು, ಸುರಂಗ ಹೋಯಿತು, ಕಟ್ಟಿದ ವರ್ಷ ಹೋಯಿತು, ಹಬ್ಬ, ಊಟ, ಅಡುಗೆಯವಳು, ವಿಷ ಎಲ್ಲ ಹೋದವು. ಹನ್ನೆರಡು ಸಾಲು ನಾಲ್ಕಕ್ಕೆ ಇಳಿದವು: ಮನೆತನ, ಅಂತಸ್ತು, ಕಂಬಗಳ ಸರಿಯಾದ ಲೆಕ್ಕ, ಮಹಡಿಯ ಚಿತ್ರಗಳು. ನನ್ನ ಬದುಕಿನಲ್ಲಿ ಅಷ್ಟು ಶುದ್ಧವಾದ ಇನ್ನೊಂದು ಬರಹವನ್ನು ಕಂಡಿಲ್ಲವೆಂದು, ಬಸ್ಸಿನಲ್ಲಿ ಹೊನ್ನಾಳಿ ತಲುಪುವವರೆಗೂ ಒಳಗೊಳಗೇ ಹಿಗ್ಗಿದೆ.

ಫಲಕ ನಿಂತ ಮರುವಾರ ಹೋದಾಗ ಅಮ್ಮ ಅದರ ಮುಂದೆಯೇ ಕಾಯುತ್ತಿದ್ದರು. ಅವರಿಗೆ ಓದು ಬಾರದು. ಬೇರೆಯವರಿಂದ ಓದಿಸಿಕೊಳ್ಳಲು ಮನಸ್ಸಾಗಲಿಲ್ಲವಂತೆ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಪೂಜೆಗೆ ನಿಂತವರಂತೆ ನಿಂತು, “ಓದ್ರಿ,” ಎಂದರು. ನಾಲ್ಕು ಸಾಲನ್ನೂ ನಿಧಾನವಾಗಿ ಓದಿದೆ.

“ಹೂಂ. ಮುಂದೆ?”

“ಅಷ್ಟೇ ಅಮ್ಮ. ವಿಷದ ಮಾತು ತೆಗೆಸಿದ್ದೀನಿ. ಇನ್ನು ಯಾರೂ ಆಕೆಯನ್ನು ಅನ್ನುವಂತಿಲ್ಲ.”

“ಅವಳ ಸುದ್ದಿ ಎಲ್ಲೈತೆ?”

“ಇಲ್ಲಮ್ಮ. ಆಕೆಯ ಸುದ್ದಿಯೇ ಇಲ್ಲ.”

ಅವರು ಕಲ್ಲಿನ ಮೇಲೆ ಕೈಯಾಡಿಸಿದರು. ಕೊರೆದ ಅಕ್ಷರಗಳ ಮೇಲೆ ಬೆರಳು ಕೊನೆಯ ಸಾಲಿನವರೆಗೆ ಇಳಿದು, ಅದರ ಕೆಳಗಿನ ನುಣುಪಿನಲ್ಲಿ ನಿಂತಿತು.

“ಅಡಿಗೆ ಮಾಡ್ತಿದ್ಲು ಅಂತನಾದ್ರೂ ಬರೀಬೋದಿತ್ತಲ್ರೀ, ಹೊನ್ನಾಳಿಯೋರೇ.”

ದನಿಯಲ್ಲಿ ದೂರು ಇರಲಿಲ್ಲ. ಅದೊಂದು ಕುತೂಹಲದ ಪ್ರಶ್ನೆಯಂತೆಯೇ ಇತ್ತು. ಅಷ್ಟರಲ್ಲಿ ಯಾರೋ ಕಾರು ನಿಲ್ಲಿಸಿದರು. ಅಮ್ಮ ಕೀಲಿ ತೆಗೆದುಕೊಂಡು ಹೋದರು.

ಆ ವಾಕ್ಯದ ಮುಂದೆ ನನ್ನ ಸಂದೇಹಗಳನ್ನೆಲ್ಲ ಇಟ್ಟು ನೋಡಿದ್ದೇನೆ. ಆಕೆ ವಿಷ ಹಾಕಿದಳೆನ್ನುವವರೂ ಆಕೆ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳೆಂದು ಒಪ್ಪುತ್ತಾರೆ. ಹಾಕಲಿಲ್ಲವೆನ್ನುವ ಮೊಮ್ಮಗಳೂ ಅದನ್ನೇ ಹೇಳಿದರು. ಆ ವಾಡೆಯ ಕಥೆಯಲ್ಲಿ ಎರಡೂ ಕಡೆಯವರು ಒಪ್ಪಿದ ಸಂಗತಿ ಅದೊಂದೇ. ಅದನ್ನೂ ನಾನು ಹೊಡೆದುಹಾಕಿದ್ದೆ.

ಒಂದು ಸಾಲು ಸೇರಿಸಿರೆಂದು ಸಮಿತಿಗೆ ಎರಡು ಪತ್ರ ಬರೆದೆ. ಕಲ್ಲು ಒಮ್ಮೆ ನಿಂತ ಮೇಲೆ ಮುಗಿಯಿತು, ಜಾಗವೂ ಇಲ್ಲ ಎಂದು ಅಧ್ಯಕ್ಷರು ಉತ್ತರಿಸಿದರು. ಜಾಗವಿದೆ. ಕೊನೆಯ ಸಾಲಿನ ಕೆಳಗೆ ನಾಲ್ಕು ಬೆರಳಗಲ ಖಾಲಿಯಿದೆ. ಅಮ್ಮನ ಕೈ ನಿಂತದ್ದು ಅಲ್ಲಿಯೇ. ಮೂರನೆಯ ಪತ್ರ ಬರೆಯುವ ಮೊದಲೇ ಕಚೇರಿಯಿಂದ ಆ ಫೋನು ಬಂತು. ಆ ಪತ್ರವನ್ನು ನಿನ್ನೆ ಅಂಚೆಗೆ ಹಾಕಿದ್ದೇನೆ. ಕೊರೆಯಬೇಕಾದ ಸಾಲನ್ನು ಬೇರೆ ಹಾಳೆಯಲ್ಲಿ, ಕಲ್ಲುಕುಟಿಗನಿಗೆ ತಿಳಿಯುವಂತೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ: ಈ ಮನೆಯಲ್ಲಿ ಒಬ್ಬ ಹೆಂಗಸು ಅಡುಗೆ ಮಾಡುತ್ತಿದ್ದಳು.